ವಂಶವಾಹಿಯ ಪಾಠಶೋಧನೆ

ಸುರಪುರ ತಾಲೂಕಿನ ಹಳ್ಳಿಯೊಂದರಿಂದ ಬಂದು ನಮ್ಮಲ್ಲಿ ಓದುತ್ತಿದ್ದ ಬಾಲಕನೊಬ್ಬನು ನೆಲದಿಂದ ಏಳುವಾಗ ತನ್ನ ತೊಡೆಗಳನ್ನೇ ಕೈಗಳಿಂದ ಒತ್ತಿಕೊಂಡು ಮೇಲೇಳುತ್ತಿದ್ದನು. ಪ್ರಾರ್ಥನೆಯ ಸಾಲಿಗೆ ಸದಾ ಕೊನೆಯವನು. ಮೀನಖಂಡಗಳು ಮಾತ್ರ ಪೈಲ್ವಾನನವುಗಳಂತೆ ದಪ್ಪ. ಇವನು ಸೋಮಾರಿಯೆಂದು ಬಗೆದು ಗದರಿಸಿದವನು ನಾನೇ. ಆ ದಪ್ಪವು ಬಲದ ಗುರುತಲ್ಲ, ನಶಿಸಿದ ಸ್ನಾಯುವಿನ ಎಡೆಯಲ್ಲಿ ತುಂಬಿಕೊಂಡ ಕೊಬ್ಬೆಂಬುದು ಆಮೇಲೆ ತಿಳಿಯಿತು.

ಆ ರೋಗಕ್ಕೆ ಡುಶೆನ್ ಸ್ನಾಯುಕ್ಷಯವೆಂದು ಹೆಸರು. ಬಹುಮಟ್ಟಿಗೆ ಗಂಡುಮಕ್ಕಳಿಗೇ ಬರುವಂಥದು; ಸುಮಾರು 5000 ಗಂಡುಶಿಶುಗಳಲ್ಲಿ ಒಂದಕ್ಕೆ. ಮೊದಲು ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವನ್ನು ಅಳೆಯುತ್ತಾರೆ. ಅದು ಹತ್ತಾರು ಪಟ್ಟು ಏರಿದ್ದರೆ ಸ್ನಾಯು ಸವೆಯುತ್ತಿದೆಯೆಂದು ತಿಳಿದೀತೇ ಹೊರತು ಏಕೆಂದು ತಿಳಿಯದು. ಹಿಂದೆ ಸ್ನಾಯುವಿನ ತುಣುಕನ್ನೇ ಕೊಯ್ದು ನೋಡಬೇಕಾಗುತ್ತಿತ್ತು. ಈಗ ಹೆಚ್ಚಿನ ಮಕ್ಕಳಿಗೆ ಸ್ವಲ್ಪ ರಕ್ತ ಸಾಕು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವಂಶವಾಹಿಯ ಪರೀಕ್ಷೆ ನಡೆಯುತ್ತದೆ.

ಆ ಪರೀಕ್ಷೆ ನಮ್ಮ ಗ್ರಂಥಸಂಪಾದನೆಯಂಥದೇ. ವಂಶವಾಹಿಯು ನಾಲ್ಕೇ ಅಕ್ಷರಗಳಿಂದ ರಚಿತವಾದ ಗ್ರಂಥ. ಛಂದಸ್ಸಿನ ಅಕ್ಷರಗಣಗಳಂತೆ ಜೀವಕೋಶವು ಅದನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ಸ್ನಾಯುವನ್ನು ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಗ್ರಂಥದಲ್ಲಿ ಎಕ್ಸಾನುಗಳೆಂಬ 79 ಪರಿಚ್ಛೇದಗಳಿವೆ. ಓಲೆಯ ಕಟ್ಟಿನಿಂದ ಗರಿ ಕಳಚಿದಂತೆ ಕೆಲವು ಪರಿಚ್ಛೇದಗಳು ಬಿದ್ದುಹೋಗುವುದುಂಟು. ಬಿದ್ದ ಅಕ್ಷರಗಳ ಸಂಖ್ಯೆ ಮೂರರಿಂದ ನಿಶ್ಶೇಷವಾಗಿ ಭಾಗವಾದರೆ ಮುಂದಿನ ಗಣಗಳು ಕೆಡುವುದಿಲ್ಲ. ಮೊಟಕಾದರೂ ಕೆಲಸಕ್ಕೆ ಬರುವ ಪ್ರೋಟೀನು ಹುಟ್ಟಿ, ಸಾಮಾನ್ಯವಾಗಿ ಬೆಕರ್ ಎಂಬ ಸೌಮ್ಯರೋಗವಾಗುತ್ತದೆ. ಭಾಗವಾಗದಿದ್ದರೆ ಮುಂದಿನ ಗಣಗಳೆಲ್ಲ ತಪ್ಪಿ ಓದು ನಡುವೆಯೇ ನಿಂತುಹೋಗುತ್ತದೆ, ಅದೇ ಡುಶೆನ್. ಛಂದಸ್ಸನ್ನು ಪಾಠಮಾಡಿ ಮುದುಕನಾಗುತ್ತಿರುವ ನನಗೆ ಇದನ್ನು ಕೇಳಿ ಮೈ ಜುಮ್ಮೆಂದಿತು. ಪರೀಕ್ಷಕರು 79ನ್ನೂ ಎಣಿಸುತ್ತಾರೆ. ಸರಿಸುಮಾರು ಮುಕ್ಕಾಲು ಪಾಲು ರೋಗಿಗಳಲ್ಲಿ ಲೋಪವೋ ಪುನರುಕ್ತಿಯೋ ಎಣಿಕೆಯಲ್ಲೇ ಸಿಕ್ಕುತ್ತದೆ. ಉಳಿದವರಲ್ಲಿ ಅಕ್ಷರ ಅಕ್ಷರವಾಗಿ ಓದಿ ಲಿಪಿಕಾರನ ಪ್ರಮಾದವನ್ನು ಹುಡುಕಬೇಕು.

ಹೆಸರು ತಿಳಿಯದ ರೋಗಕ್ಕೆ ಕಾರಣಗಳು ಬೇಗ ಹುಟ್ಟುತ್ತವೆ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಜನರ ಸೊಂಟ, ಮೊಣಕಾಲುಗಳು ಕೆಡತೊಡಗಿದಾಗ ಗದ್ದೆಯ ಏಡಿ ತಿಂದದ್ದನ್ನು ದೂರಿದವರುಂಟು. ಅದು ವಂಶಪಾರಂಪರ್ಯವಾದ ಎಲುಬಿನ ರೋಗವೆಂದು ಸಂಶೋಧಕರು ಆಮೇಲೆ ಕಂಡುಕೊಂಡರು. ನಮ್ಮ ಬಾಲಕನ ಮನೆಯಲ್ಲಿ, ತಾಯಿ ತನ್ನ ಸೋದರಮಾವನನ್ನೇ ಮದುವೆಯಾದುದರ ಫಲವಿದೆಂದರು. ರಕ್ತಸಂಬಂಧದ ವಿವಾಹದಿಂದ ಹೆಚ್ಚುವ ರೋಗಗಳಿವೆ. ಯಾದಗಿರಿ, ಶಹಾಪುರ, ಸುರಪುರದ ಈ ಸೀಮೆಯಲ್ಲಿ ಆ ಎಚ್ಚರ ಅವಶ್ಯವೇ. ಆದರೆ ಡುಶೆನ್ ಅಂಥದಲ್ಲ. ಇದರ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಆ ತಂತು ತಾಯಿಯಿಂದಲೇ ಬರುವುದಾದರೂ ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಆಕೆ ವಾಹಕಳೇ ಅಲ್ಲ, ದೋಷ ಹೊಸದಾಗಿ ಹುಟ್ಟಿರುತ್ತದೆ. ವಾಹಕಳಾದರೆ ಪ್ರತಿ ಗಂಡುಮಗುವಿಗೂ ಎರಡರಲ್ಲೊಂದು ಸಂಭವ.

ಈ ತಾಯಿ ವಾಹಕಳೆಂದೇ ತಿಳಿದುಬಂತು. ಶಹಾಪುರಕ್ಕೆ ಕೊಟ್ಟಿದ್ದ ಆಕೆಯ ತಂಗಿ ಗರ್ಭಿಣಿಯಾಗುವ ಮೊದಲೇ ರಕ್ತ ಕೊಟ್ಟು ಬಂದಳು, ಆಕೆಯಲ್ಲಿ ದೋಷವಿರಲಿಲ್ಲ. ಬಾಲಕನಿಗೆ ಸ್ಟಿರಾಯ್ಡ್ ಆರಂಭಿಸಿದರು. ಅದು ರೋಗವನ್ನು ಕಳೆಯದು, ನಡೆಯುವ ಕಾಲವನ್ನು ಮಾತ್ರ ತುಸು ಹೆಚ್ಚಿಸುತ್ತದೆ. ಮಹಡಿಯ ಮೇಲಿದ್ದ ಅವನ ತರಗತಿಯನ್ನು ನಾವು ಕೆಳಗಿಳಿಸಿದೆವು.