ಮನೆಗೊಂದು ಗಾಳಿಯಂತ್ರ

ತಾರಸಿಯ ಮೇಲೊಂದು ಗಾಳಿಯಂತ್ರವನ್ನು ನಿಲ್ಲಿಸಿ, ಬಿಟ್ಟಿ ಬೀಸುವ ಗಾಳಿಯಿಂದ ಮನೆಯ ದೀಪ ಉರಿಸಬೇಕೆಂಬ ಆಸೆ ನಿಮ್ಮಲ್ಲಿ ಕೆಲವರಿಗಾದರೂ ಹುಟ್ಟಿರಬಹುದು. ಆಸೆ ಕೆಟ್ಟದ್ದಲ್ಲ, ಹೊಸದೂ ಅಲ್ಲ. 1887ರಲ್ಲಿಯೇ ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್ ತಮ್ಮ ರಜಾಕಾಲದ ಕುಟೀರಕ್ಕೆ ಗಾಳಿಯಿಂದ ವಿದ್ಯುದ್ದೀಪ ಹೊತ್ತಿಸಿಕೊಂಡರು. ಮಿಕ್ಕ ವಿದ್ಯುತ್ತನ್ನು ಊರ ಬೀದಿಗೆ ಕೊಡುತ್ತೇನೆಂದರೆ, ಅದು ಪಿಶಾಚಿಯ ಕೆಲಸವೆಂದು ಊರವರು ಒಲ್ಲೆನೆಂದರಂತೆ!

ರೇಡಿಯೋ ಇರುವ ಮನೆಯವರಿಗೆ ಇನ್ನೊಂದು ಸಂಗತಿ ಹೆಚ್ಚು ಹಿಡಿಸೀತು. 1930ರ ದಶಕದಲ್ಲಿ ಅಮೆರಿಕದ ಬಯಲುನಾಡಿನ ಬಹುಮಂದಿ ರೈತರ ಮನೆಗೆ ವಿದ್ಯುತ್ ತಂತಿ ಬಂದಿರಲಿಲ್ಲ, ರೇಡಿಯೋ ಬಂದಿತ್ತು. ಅದರ ಬ್ಯಾಟರಿಯನ್ನು ಪೇಟೆಗೆ ಹೊತ್ತೊಯ್ದು ಚಾರ್ಜು ಮಾಡಿಸಿ ತರಬೇಕು. ಅಯೋವಾ ಸಂಸ್ಥಾನದ ಸೂ ಸಿಟಿಯಲ್ಲಿ ತಯಾರಾದ ‘ವಿನ್‌ಚಾರ್ಜರ್’ ಎಂಬ ಪುಟ್ಟ ಯಂತ್ರ ಈ ಓಡಾಟವನ್ನು ತಪ್ಪಿಸಿತು. ಜೆನಿತ್ ಕಂಪನಿ ತನ್ನ ರೇಡಿಯೋಗಳ ಜೊತೆಯಲ್ಲಿಯೇ ಅದನ್ನು ಮಾರಿತು. ಬಯಲಿನಲ್ಲಿ ಗಾಳಿಗೆ ಅಡ್ಡಿಯಿಲ್ಲ. ಮನೆಯವರು ಕೇಳಿದ್ದೂ ಒಂದು ರೇಡಿಯೋ, ಒಂದೆರಡು ದೀಪ. ಅಲ್ಲಿ ಅದು ನಡೆಯಿತು.

ನಮ್ಮ ಪೇಟೆಯ ಮನೆಗಳಲ್ಲಿ ನಡೆದೀತೆ? ಅಮರಕೋಶದಲ್ಲಿ ಗಾಳಿಗೆ ‘ಸದಾಗತಿ’ ಎಂದೊಂದು ಹೆಸರುಂಟು. ಯಾವಾಗಲೂ ಚಲಿಸುವವನು ಎಂದರ್ಥ. ತರಗತಿಯಲ್ಲಿ ಎಷ್ಟೋ ವರ್ಷ ಹಾಗೆಯೇ ಅರ್ಥ ಹೇಳಿದ್ದೇನೆ. ಆದರೆ ಯಂತ್ರ ಕೊಳ್ಳುವವರು ಈ ಹೆಸರನ್ನು ನಂಬಿ ಕೆಡಬಾರದು. ನಮ್ಮಲ್ಲಿ ಗಾಳಿ ಆಷಾಢ ಶ್ರಾವಣಗಳಲ್ಲಿ ಭರದಿಂದ ಬೀಸಿ, ಮಳೆಗಾಲ ಮುಗಿದ ಮೇಲೆ ಸೊರಗುತ್ತದೆ.

ಇಲ್ಲಿಯೇ ಒಂದು ಲೆಕ್ಕವನ್ನು ಮನಸ್ಸಿಟ್ಟು ನೋಡಿರಿ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಸಾರವಾಗಿರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಮಡಿ; ವೇಗ ಅರ್ಧವಾದರೆ ಶಕ್ತಿ ಎಂಟರಲ್ಲೊಂದು ಪಾಲು. 2 ಮೀಟರ್ ವ್ಯಾಸದ ಚಕ್ರವೊಂದು ತನ್ನ ಮೇಲೆ ಹಾಯುವ ಶಕ್ತಿಯಲ್ಲಿ ಕಾಲುಭಾಗವನ್ನು ಹಿಡಿಯುತ್ತದೆನ್ನಿ. ಸೆಕೆಂಡಿಗೆ 6 ಮೀಟರ್ ವೇಗದ ಗಾಳಿಯಲ್ಲಿ ಸುಮಾರು 90 ವಾಟ್ ದೊರೆಯುತ್ತದೆ. ಅದೇ ಗಾಳಿ 3 ಮೀಟರಿಗೆ ಇಳಿದರೆ ಹನ್ನೊಂದು ಹನ್ನೆರಡು ವಾಟ್, ಅಂದರೆ ಒಂದು ಎಲ್‌ಇಡಿ ಬಲ್ಬು! ಯಂತ್ರದ ಮೇಲೆ ‘1000 ವಾಟ್’ ಎಂದು ಅಚ್ಚೊತ್ತಿದ್ದರೆ, ಯಾವ ವೇಗಕ್ಕೆ ಎಂದು ಅಂಗಡಿಯವರನ್ನು ಕೇಳಿರಿ. ಸಾಮಾನ್ಯವಾಗಿ ಅದು 10–12 ಮೀಟರಿನ ಗಾಳಿಗೆ ಸಲ್ಲುವ ಮಾತು. ಅಂಥ ಗಾಳಿಯಲ್ಲಿ ಕೊಡೆ ಹಿಡಿದು ನಡೆಯುವುದೇ ಕಷ್ಟ; ನಿಮ್ಮ ಬೀದಿಯಲ್ಲಿ ವರ್ಷಕ್ಕೆ ಎಷ್ಟು ದಿನ ಹಾಗೆ ಬೀಸುತ್ತದೆ?

ಆದ್ದರಿಂದ ಯಂತ್ರಕ್ಕಿಂತ ಜಾಗ ಮುಖ್ಯ, ಎತ್ತರ ಮುಖ್ಯ. ಗದಗದ ಕಪ್ಪತಗುಡ್ಡದ ಸಾಲಿನಲ್ಲಿ, ಚಿತ್ರದುರ್ಗದ ಗುಡ್ಡಗಳ ನೆತ್ತಿಯಲ್ಲಿ ದೊಡ್ಡ ಯಂತ್ರಗಳನ್ನು ನಿಲ್ಲಿಸಿರುವುದು ಚೆಂದಕ್ಕಲ್ಲ. ಪೇಟೆಯಲ್ಲಾದರೋ ಪಕ್ಕದ ಮಹಡಿ, ನೀರಿನ ಟ್ಯಾಂಕು, ತೆಂಗಿನ ಮರ ಎಲ್ಲವೂ ಗಾಳಿಯನ್ನು ಒಡೆದು ಸುಳಿಯಾಗಿಸುತ್ತವೆ. ಸುಳಿಗಾಳಿಯಲ್ಲಿ ಚಕ್ರ ಅತ್ತಿತ್ತ ಹೊರಳಾಡಿ ಸವೆಯುವುದೇ ಹೊರತು ಬ್ಯಾಟರಿ ತುಂಬದು. ಸುತ್ತ 300–500 ಅಡಿಯೊಳಗಿನ ಅತಿ ಎತ್ತರದ ವಸ್ತುವಿಗಿಂತ 30 ಅಡಿ ಮೇಲೆ ಚಕ್ರವಿರಬೇಕೆಂಬುದು ಅನುಭವಿಗಳ ವಾಡಿಕೆ. ಕಂಬವನ್ನು ತಾರಸಿಗೇ ಬಿಗಿದರೆ ಅದರ ಅದುರು ಗೋಡೆಗಿಳಿದು ರಾತ್ರಿಯೆಲ್ಲ ಗುಂಯ್‌ಗುಟ್ಟುತ್ತದೆ. ನೆಲದಿಂದ ಎಬ್ಬಿಸಿ ತಂತಿಗಳಿಂದ ಬಿಗಿದ ಕಂಬವೇ ಲೇಸು.

ಪರೀಕ್ಷೆಗೆ ಆಷಾಢದ ಗಾಳಿಪಟ ಸಾಕು. ದಾರಕ್ಕೆ ಹತ್ತು ಹತ್ತು ಅಡಿಗೊಂದು ಬಟ್ಟೆಯ ಚೂರು ಕಟ್ಟಿ, ವಿದ್ಯುತ್ ತಂತಿಗಳಿಂದ ದೂರವಾಗಿ ಹಾರಿಸಿರಿ. ಚೂರುಗಳು ತೊಳಲಾಡುವ ಎತ್ತರ ಸುಳಿಯದು. ನೆಟ್ಟಗೆ ಚಾಚಿಕೊಂಡ ಎತ್ತರದಿಂದ ನಿಮ್ಮ ಗಾಳಿ ಮೊದಲಾಗುತ್ತದೆ. ಆ ಎತ್ತರದಲ್ಲಿ ಗಾಳಿಯ ವೇಗ ಅಳೆಯುವ ಉಪಕರಣವನ್ನಿಟ್ಟು ಒಂದು ವರ್ಷ ಬರೆದಿಟ್ಟುಕೊಂಡರೆ ಇನ್ನೂ ಉತ್ತಮ.

ಗಾಳಿ ಸಾಕಷ್ಟಿದೆಯೆಂದು ಕಂಡವರಿಗೆ ಎರಡು ಎಚ್ಚರಿಕೆ. ಚಕ್ರ ತಿರುಗುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಬೇಡಿರಿ. ಹೊರೆ ತಪ್ಪಿದ ಚಕ್ರ ಹುಚ್ಚೆದ್ದು ತಿರುಗಿ ಮುರಿದೀತು. ಕಂಬಕ್ಕೆ ಸಿಡಿಲಿನ ಭಯವಿರುವುದರಿಂದ ಅದನ್ನು ಭೂಮಿಗೆ ಅರ್ಥಿಂಗ್ ಮಾಡಿಸಿರಿ.

ವರ್ಷದ ಸರಾಸರಿ ವೇಗ 4 ಮೀಟರನ್ನೂ ಮುಟ್ಟದಿದ್ದರೆ, ಅದೇ ಹಣಕ್ಕೆ ಸೌರಫಲಕ ಹಾಕಿಸುವುದು ಲಾಭ. ಮುಟ್ಟಿದರೂ ಜೊತೆಗೊಂದು ಫಲಕವಿರಲಿ. ಮೋಡ ಕವಿದ ಆಷಾಢದಲ್ಲಿ ಗಾಳಿ ದುಡಿಯುತ್ತದೆ, ಗಾಳಿ ಸೊರಗಿದ ತಿಂಗಳುಗಳಲ್ಲಿ ಬಿಸಿಲು.