ಕಾವೇರಿಯಾಚೆಯ ಪರದೇಶ

ವಿದೇಶ ಸುತ್ತಿ ಬಂದ ಮಿತ್ರರನ್ನು ಮಾತಿಗೆಳೆದು ನೋಡಿ. ಅರಮನೆ, ವಸ್ತುಸಂಗ್ರಹಾಲಯಗಳ ವರ್ಣನೆ ಐದು ನಿಮಿಷಕ್ಕೆ ಮುಗಿಯುತ್ತದೆ; ಬೀದಿಯಲ್ಲಿ ನಿಂತು ತಿಂದುದರ ವರ್ಣನೆಗೆ ಒಂದು ಸಂಜೆ ಸಾಲದು. ಸಿಂಗಪುರಕ್ಕೆ ಹೋಗಿ ಬಂದ ನನ್ನ ಸಹೋದ್ಯೋಗಿಯೊಬ್ಬರು ಅಲ್ಲಿಯ ತಿಂಡಿಯಂಗಡಿಗಳ ಸಾಲನ್ನು ಬಣ್ಣಿಸತೊಡಗಿದರೆ ಕಾಲೇಜಿನ ಗಂಟೆ ಹೊಡೆದುದೂ ಅವರಿಗೆ ಕೇಳಿಸದು. ಆ ಅಂಗಡಿಗಳ ಸಂಸ್ಕೃತಿಯನ್ನು ಯುನೆಸ್ಕೋ ಸಂಸ್ಥೆ 2020ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಅವರನ್ನು ಹಿಡಿಯುವವರೇ ಇಲ್ಲ.

ನನಗೆ ಆ ಭಾಗ್ಯವಿಲ್ಲ. ಆದರೆ ರಹದಾರಿ ಬೇಡದ ಪರದೇಶವೊಂದು ನನಗೂ ಉಂಟು. ಹಾರಂಗಿಯಿಂದ ಕುಶಾಲನಗರಕ್ಕೆ ಬಂದು, ಕಾವೇರಿಯ ಸೇತುವೆ ದಾಟಿ, ಕೊಪ್ಪದ ಬಳಿ ಬಲಕ್ಕೆ ಹೊರಳಿದರೆ ಸಾಕು, ಬೈಲಕುಪ್ಪೆಯ ಟಿಬೆಟನ್ನರ ನೆಲೆ. 1959ರಲ್ಲಿ ದಲೈ ಲಾಮಾ ಅವರು ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಜನ ಬಂದರು. ಅಂದಿನ ಮೈಸೂರು ಸರ್ಕಾರ ಸುಮಾರು 3000 ಎಕರೆ ಕಾಡುನೆಲವನ್ನು ಕೊಟ್ಟು, 1961ರಲ್ಲಿ ಇಲ್ಲಿ ನೆಲೆ ಕಲ್ಪಿಸಿತು. ಹಿಮದ ನಾಡಿನವರು ಸುಡುಬಿಸಿಲಿನಲ್ಲಿ ಕಾಡು ಕಡಿದು, ಆನೆಗಳ ಹಾವಳಿ ಸಹಿಸಿ, ಮುಸುಕಿನ ಜೋಳ ಬೆಳೆದರು.

ಸುವರ್ಣ ದೇವಾಲಯವನ್ನು ನೋಡಲು ಬರುವ ಪ್ರವಾಸಿಗಳು ಅದರ ಎದುರಿನ ಅಂಗಡಿಗಳಲ್ಲಿ ಗೋಬಿ ಮಂಚೂರಿ ತಿಂದು ಹಿಂದಿರುಗುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಮರುಕವಿದೆ. ಒಳಗಿನ ಕ್ಯಾಂಪುಗಳ ಬೀದಿಗೆ ಹೋಗಬೇಕು. ಅಲ್ಲಿ ಮೋಮೊ ಉಂಟು. ಮಾಂಸದ್ದೂ ಉಂಟು, ಸೊಪ್ಪಿನದೂ ಉಂಟು. ಥುಕ್ಪ ಎಂಬ ಶಾವಿಗೆಯ ಬಿಸಿ ಸಾರು ಉಂಟು. ಹೆಸರುಕಾಳಿನ ಗಂಜಿಪುಡಿಯನ್ನು ಬೇಯಿಸಿ ಹೆಪ್ಪುಗಟ್ಟಿಸಿ, ಬೆಳ್ಳುಳ್ಳಿ ಮೆಣಸಿನಕಾಯಿಯ ಖಾರದಲ್ಲಿ ತೋಯಿಸಿ ಕೊಡುವ ಲಾಫಿಂಗ್ ನಾಲಗೆಗೆ ತಣ್ಣಗೆ ತಗಲಿ ಗಂಟಲಲ್ಲಿ ಉರಿಯುತ್ತದೆ. ಉಪ್ಪು ಬೆಣ್ಣೆ ಹಾಕಿ ಕಡೆದ ಚಹವನ್ನು ಚಹವೆಂದು ಕುಡಿದರೆ ನಿರಾಶೆ. ಸಾರೆಂದು ಕುಡಿದರೆ ಸೊಗಸು!

ಹಬೆಯ ಪಾತ್ರೆಯ ಮುಚ್ಚಳ ತೆಗೆದಾಗ ಮಾತ್ರ ಇದು ಪರದೇಶವೆಂಬುದು ಮರೆತುಹೋಗುತ್ತದೆ. ನಮ್ಮ ಕೊಡಗಿನ ಕಡಂಬುಟ್ಟು ಬೇಯುವುದೂ ಇದೇ ಹಬೆಯಲ್ಲಿ ಅಲ್ಲವೆ? ಇಲ್ಲಿಗೆ ಬಹು ದೂರವಲ್ಲದ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿದ್ದ ಕವಿ. ತನ್ನ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ಪಾಕಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟ ಆ ರಸಿಕ ಈಗಿದ್ದಿದ್ದರೆ, ಮೋಮೊವಿಗೂ ಒಂದು ಷಟ್ಪದಿ ಸಲ್ಲುತ್ತಿತ್ತೆಂದು ನನ್ನ ಊಹೆ.

ನಾನು ಸಾಮಾನ್ಯವಾಗಿ ಹೋಗುವ ಅಂಗಡಿಯ ಒಡತಿಗೆ ಐವತ್ತು ದಾಟಿದೆ. ಕನ್ನಡವನ್ನು ಸರಾಗವಾಗಿ ಆಡುತ್ತಾರೆ.

“ಅಮ್ಮಾ, ಇದು ನಿಮ್ಮೂರಿನ ರುಚಿಯೇ?” ಎಂದು ಒಮ್ಮೆ ಕೇಳಿದೆ.

“ನಮ್ಮೂರು ಅಂದರೆ ಯಾವುದು ಸಾರ್? ನಾನು ಹುಟ್ಟಿದ್ದು ಇಲ್ಲೇ. ಅಮ್ಮ ಮಾಡುತ್ತಿದ್ದ ಹಾಗೆ ಮಾಡುತ್ತೇನೆ. ಅಮ್ಮನಿಗೆ ಮಾತ್ರ ಕೊನೇವರೆಗೂ ಸರಿ ಅನ್ನಿಸಲಿಲ್ಲ. ಹಿಟ್ಟು ಬೇರೆ, ನೀರು ಬೇರೆ ಅನ್ನುತ್ತಿದ್ದಳು.”

ಹುರಿದ ಬಾರ್ಲಿಯ ಹಿಟ್ಟು, ಅವರ ತ್ಸಂಪಾ, ಆ ನಾಡಿನ ಜನಕ್ಕೆ ನಮ್ಮ ರಾಗಿಯಿದ್ದಂತೆ. ಬಾರ್ಲಿ ಸಿಕ್ಕದೆ ಆ ತಾಯಿ ಜೋಳದ ಹಿಟ್ಟನ್ನು ಹುರಿದು ನೋಡಿದಳಂತೆ, ಬಾಯಿಗಿಟ್ಟು ಅತ್ತಳಂತೆ. ಈ ಮಾತು ನನಗೆ ಹೊಸದಲ್ಲ. ಹಾರಂಗಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೊಲಮನೆ ಕಳೆದುಕೊಂಡ ವೃದ್ಧೆಯೊಬ್ಬರು, ಹೊಸ ಊರಿನ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಹಲುಬುತ್ತಿದ್ದುದನ್ನು ಕೇಳಿದ್ದೇನೆ. ಕನ್ನಡದಲ್ಲಿ ‘ಪರದೇಶಿ’ ಎಂದರೆ ಹೊರನಾಡಿನವನೂ ಹೌದು, ದಿಕ್ಕಿಲ್ಲದವನೂ ಹೌದು. ಒಂದೇ ಪದಕ್ಕೆ ಎರಡು ಅರ್ಥಗಳು ಹೇಗೆ ಅಂಟಿಕೊಂಡವೆಂಬುದನ್ನು ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ್ದೇನೆ. ಈ ಅಂಗಡಿಯ ಬೆಂಚಿನ ಮೇಲೆ ಕುಳಿತಾಗ ಆ ವಿವರಣೆ ತೀರ ತೆಳುವಾಗಿ ಕಾಣುತ್ತದೆ.

ಈಗ ಇನ್ನೊಂದು ವಲಸೆ ನಡೆದಿದೆ. ಇಲ್ಲಿಯ ಯುವಕ ಯುವತಿಯರು ಅಮೆರಿಕ, ಕೆನಡಾ, ಯುರೋಪುಗಳ ದಾರಿ ಹಿಡಿಯುತ್ತಿದ್ದಾರೆ. ಈಕೆಯ ಮಗಳೂ ಟೊರಾಂಟೊ ಸೇರಿದ್ದಾಳೆ. “ಅಲ್ಲಿ ಬಾರ್ಲಿ ಹಿಟ್ಟು ಬೇಕಾದಷ್ಟು ಸಿಗುತ್ತದಂತೆ ಸಾರ್. ಹುರಿಯುವುದು ಹೇಗೆ ಅಂತ ಫೋನಿನಲ್ಲಿ ಕೇಳುತ್ತಾಳೆ. ನನಗೇ ಸರಿಯಾಗಿ ಗೊತ್ತಿಲ್ಲ” ಎಂದು ನಕ್ಕರು.

ಅವರ ಪಕ್ಕದಲ್ಲಿ ಮೋಮೊ ಮಡಿಸುತ್ತಿದ್ದವಳು ಕೊಪ್ಪದ ಕಡೆಯ ಹುಡುಗಿ. ಎರಡು ವರ್ಷದಿಂದ ಇಲ್ಲಿ ಕೆಲಸಕ್ಕಿದ್ದಾಳೆ. ಸೀರೆಯ ನಿರಿಗೆ ಹಿಡಿದಂತೆ ಬೆರಳ ತುದಿಯಲ್ಲಿ ಹಿಟ್ಟಿನ ಅಂಚನ್ನು ಕೂಡಿಸುತ್ತಾಳೆ. ಹೂರಣಕ್ಕೆ ಯಾರೂ ಹೇಳದಿದ್ದರೂ ಒಂದಿಷ್ಟು ಕೊತ್ತಂಬರಿ ಸೊಪ್ಪು ಹೆಚ್ಚಾಗಿಯೇ ಬೀಳುತ್ತದೆ. ಒಡತಿ ಅದನ್ನು ಕಂಡೂ ಕಾಣದಂತಿದ್ದರು. ನಿರಿಗೆಯ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ. ತಟ್ಟೆಯಿಂದ ಎರಡನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಬಿಚ್ಚಿಸಿ ಮತ್ತೆ ಮಡಿಸಿಸಿದರು.