ಸೊನ್ನೆ ಸರಿಯಿದ್ದರೆ ವ್ಯಾಟ್ ಸರಿ

ಹೈದರಾಬಾದಿನ ಸೈಕಲ್ ಸವಾರರಿಗೆ 2023ರ ಅಕ್ಟೋಬರ್‌ನಿಂದ ಒಂದು ಸೊಗಸಾದ ದಾರಿ ಸಿಕ್ಕಿದೆ. ಹೊರ ವರ್ತುಲ ರಸ್ತೆಯ ಪಕ್ಕ, ನಾನಕ್‌ರಾಮ್‌ಗುಡ, ನಾರ್ಸಿಂಗಿ, ಕೊಲ್ಲೂರು ಕಡೆ ಸಾಗುವ 23 ಕಿ.ಮೀ. ಪಥ, ತಲೆಯ ಮೇಲೆ ಸೌರಫಲಕಗಳ ಚಾವಣಿ. ಆದರೆ ರಾತ್ರಿ ಹತ್ತರವರೆಗೆ ಅಮೆರಿಕದ ಕಾಲ್‌ಗಳಲ್ಲಿ ಕೂರುವ ನಮ್ಮಂಥ ಐಟಿ ಮಂದಿಗೆ ಅದು ಭಾನುವಾರದ ಭಾಗ್ಯ. ಉಳಿದ ದಿನ ಹಾಲ್‌ನ ಮೂಲೆಯಲ್ಲಿ ಟ್ರೇನರ್‌ಗೆ ಸೈಕಲ್ ಸಿಕ್ಕಿಸಿ, ಮುಂದೆ ಲ್ಯಾಪ್‌ಟಾಪ್ ಇಟ್ಟು, ನಿಂತಲ್ಲೇ ತುಳಿಯುತ್ತೇವೆ.

ಹೀಗೆ ತುಳಿಯುವಾಗ ಊರು, ದಾರಿ, ಗಾಳಿ ಯಾವುದೂ ಇಲ್ಲ. ಇರುವುದು ಪರದೆಯ ಮೇಲಿನ ಅಂಕಿ ಮಾತ್ರ: ಎಷ್ಟು ವ್ಯಾಟ್ ಶಕ್ತಿ ಹಾಕುತ್ತಿದ್ದೇವೆ ಎಂಬುದು. ಆ ಅಂಕಿಯೇ ಸುಳ್ಳು ಹೇಳಿದರೆ?

ನಮ್ಮ ಅಪಾರ್ಟ್‌ಮೆಂಟಿನಲ್ಲಿರುವ ಕಲಬುರಗಿಯ ಗೆಳೆಯರೊಬ್ಬರಿಗೆ ಆದದ್ದು ಇದೇ. ಹದಿಮೂರೂವರೆ ಗಂಟೆಯೊಳಗೆ 200 ಕಿ.ಮೀ. ಮುಗಿಸಬೇಕಾದ ಬ್ರೆವೆಗೆ ಅವರು ಮೂರು ತಿಂಗಳು ಮನೆಯಲ್ಲೇ ತಯಾರಾದರು. ಇಪ್ಪತ್ತು ನಿಮಿಷ ಜೀವ ಬಿಟ್ಟು ತುಳಿದು, ಬಂದ ಸರಾಸರಿಯ ಶೇ 95ರಷ್ಟನ್ನು ತಮ್ಮ ಮಿತಿ ಎಂದು ಹಿಡಿಯುವುದು ವಾಡಿಕೆ. ಅವರಿಗೆ 220 ವ್ಯಾಟ್ ಬಂತು. ರಸ್ತೆಗೆಂದು ಪವರ್ ಮೀಟರ್ ಇರುವ ಪೆಡಲ್ ಕೊಂಡು, 220ರ ಮುಕ್ಕಾಲು ಭಾಗ, ಅಂದರೆ 165 ವ್ಯಾಟ್‌ನಲ್ಲಿ ಹೊರಟರು. 140ನೇ ಕಿ.ಮೀ.ಯಲ್ಲಿ ಕಾಲು ಕೈಕೊಟ್ಟವು. ‘ವಯಸ್ಸಾಯಿತು ಅನ್ಸುತ್ತೆ’ ಎಂದು ಸೈಕಲ್ ಮಾರುವ ಮಾತಾಡತೊಡಗಿದರು.

ಒಂದು ಶನಿವಾರ ಅದೇ ಪೆಡಲ್‌ಗಳನ್ನಿಟ್ಟುಕೊಂಡೇ ಟ್ರೇನರ್ ಮೇಲೆ ತುಳಿಯಲು ಹೇಳಿದೆ. ಟ್ರೇನರ್ 200 ತೋರಿಸಿದಾಗ ಪೆಡಲ್ ತೋರಿಸಿದ್ದು 181. ಇಲ್ಲಿ ಭೌತಶಾಸ್ತ್ರ ಸಾಕ್ಷಿಗೆ ಬರುತ್ತದೆ. ಪೆಡಲ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವಾಗ ಚೈನ್ ಒಂದಿಷ್ಟು ಶಕ್ತಿಯನ್ನು, ಸುಮಾರು ಶೇ 2-3ರಷ್ಟು, ತಿಂದುಹಾಕುತ್ತದೆ. ಆದ್ದರಿಂದ ಟ್ರೇನರ್ ಯಾವಾಗಲೂ ಪೆಡಲ್‌ಗಿಂತ ಸ್ವಲ್ಪ ಕಡಿಮೆ ತೋರಿಸಬೇಕು. ಹೆಚ್ಚು ತೋರಿಸಿದರೆ ಎರಡರಲ್ಲೊಂದು ತಪ್ಪು.

ಯಾವುದು ತಪ್ಪು? ಮೊದಲು ಪೆಡಲ್. ಅದರೊಳಗಿರುವುದು ಸ್ಟ್ರೇನ್ ಗೇಜ್. ಲೋಹ ಕೂದಲೆಳೆಯಷ್ಟು ಬಾಗಿದರೂ ಅದಕ್ಕೆ ಅಂಟಿಸಿದ ತೆಳು ಪಟ್ಟಿಯ ವಿದ್ಯುತ್ ರೋಧ ಬದಲಾಗುತ್ತದೆ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿರುವುದೂ ಇದೇ. ಅಂಗಡಿಯವರು ಖಾಲಿ ತಟ್ಟೆಯಲ್ಲಿ ಸೊನ್ನೆ ಒತ್ತುವಂತೆ ನಾವೂ ಒತ್ತಬೇಕು: ಸೈಕಲ್ ಕೋಣೆಯ ಉಷ್ಣತೆಗೆ ಬಂದ ಮೇಲೆ, ಎರಡೂ ಕಾಲು ತೆಗೆದು, ಕ್ರ್ಯಾಂಕ್ ನೆಟ್ಟಗೆ ನಿಲ್ಲಿಸಿ, ಆ್ಯಪ್‌ನಲ್ಲಿ ‘ಕ್ಯಾಲಿಬ್ರೇಟ್’. ಸೊನ್ನೆ 1 ನ್ಯೂಟನ್-ಮೀಟರ್‌ನಷ್ಟು ಸರಿದಿದ್ದರೆ, ನಿಮಿಷಕ್ಕೆ 90 ಸುತ್ತಿನಲ್ಲಿ ಸುಮಾರು 9 ವ್ಯಾಟ್ ವ್ಯತ್ಯಾಸ. ಕ್ರ್ಯಾಂಕ್ ಉದ್ದವನ್ನೂ ನೋಡಿಕೊಳ್ಳಿ. 170 ಮಿ.ಮೀ. ಇರುವಲ್ಲಿ 172.5 ಎಂದು ತುಂಬಿಸಿದರೆ ಶೇ 1.5ರಷ್ಟು ಪುಕ್ಕಟೆ ಶಕ್ತಿ! ಗೆಳೆಯರ ಪೆಡಲ್‌ನಲ್ಲಿ ಎರಡೂ ಸರಿ ಇದ್ದವು.

ಉಳಿದದ್ದು ಟ್ರೇನರ್. ಅವರದು ಹಿಂಬದಿ ಟೈರನ್ನು ರೋಲರ್‌ಗೆ ಒತ್ತುವ ಬಗೆಯದು. ಟೈರ್‌ನ ಗಾಳಿ, ರೋಲರ್‌ನ ಬಿಗಿ, ಟೈರ್ ಬಿಸಿಯಾದದ್ದು ಎಲ್ಲವೂ ಘರ್ಷಣೆಯನ್ನು ಬದಲಿಸುತ್ತವೆ. ಅದಕ್ಕೇ ‘ಸ್ಪಿನ್‌ಡೌನ್’ ಇರುವುದು: ಹತ್ತು ಹದಿನೈದು ನಿಮಿಷ ತುಳಿದು ಬಿಸಿ ಮಾಡಿ, ಆ್ಯಪ್ ಹೇಳುವ ವೇಗಕ್ಕೆ ಏರಿಸಿ, ತುಳಿಯುವುದನ್ನು ನಿಲ್ಲಿಸಬೇಕು. ಚಕ್ರ ತಾನಾಗಿ ನಿಲ್ಲಲು ತೆಗೆದುಕೊಳ್ಳುವ ಸಮಯದಿಂದ ಯಂತ್ರ ಘರ್ಷಣೆಯನ್ನು ಲೆಕ್ಕ ಹಾಕುತ್ತದೆ. ಗೆಳೆಯರು ಇದನ್ನು ಒಮ್ಮೆಯೂ ಮಾಡಿರಲಿಲ್ಲ. ಮಾಡಿದ ಮೇಲೆ ಪೆಡಲ್ 200, ಟ್ರೇನರ್ 195. ಚೈನ್‌ನ ಲೆಕ್ಕ ಸರಿಹೋಯಿತು.

ಮತ್ತೆ ಪರೀಕ್ಷೆ ಮಾಡಿದಾಗ ಅವರ ನಿಜವಾದ ಮಿತಿ ಸುಮಾರು 195 ಎಂದು ಗೊತ್ತಾಯಿತು. ಅಂದರೆ ಬ್ರೆವೆಯ ದಿನ ಮುಕ್ಕಾಲು ಎಂದುಕೊಂಡು ಅವರು ಇಡೀ ಬೆಳಗ್ಗೆ ಶೇ 85ರಲ್ಲಿ ತುಳಿದಿದ್ದರು. ಸೋತದ್ದು ವಯಸ್ಸಿನಿಂದಲ್ಲ.

ಒಂದೇ ಯಂತ್ರದ ಮೇಲೆ ಪರೀಕ್ಷೆ, ಅದರ ಮೇಲೇ ಅಭ್ಯಾಸ ಎಂದಾದರೆ ಸ್ಥಿರವಾದ ತಪ್ಪು ಅಷ್ಟಾಗಿ ಕಾಡದು. ಅಂಕಿಯನ್ನು ಇನ್ನೊಂದು ಯಂತ್ರಕ್ಕೆ, ರಸ್ತೆಗೆ ಒಯ್ದಾಗ ಅಥವಾ ತಪ್ಪೇ ದಿನಕ್ಕೊಂದು ಥರ ಆದಾಗ ಪೆಟ್ಟು ಬೀಳುತ್ತದೆ. ನಮ್ಮೂರ ಏಪ್ರಿಲ್-ಮೇ ಬಿಸಿಲಲ್ಲಿ ಇದು ಸುಲಭ: ಬಾಲ್ಕನಿಯಲ್ಲಿ ಕಾದ ಸೈಕಲ್ಲನ್ನು ಎಸಿ ಕೋಣೆಗೆ ತಂದ ಕೂಡಲೇ ಸೊನ್ನೆ ಒತ್ತಿದರೆ, ಲೋಹ ತಣ್ಣಗಾಗುತ್ತಾ ಸೊನ್ನೆಯೂ ಸರಿಯುತ್ತದೆ. ಹೊಸ ಮೀಟರ್‌ಗಳು ಇದನ್ನು ತಕ್ಕಮಟ್ಟಿಗೆ ತಾವೇ ಸರಿದೂಗಿಸುತ್ತವೆ. ಆದರೂ ಅರ್ಧ ಗಂಟೆ ಬಿಟ್ಟು ಒತ್ತುವುದು ಮೇಲು.

ವೈರ್‌ಲೆಸ್ ತೊಂದರೆಯನ್ನು ಇದರ ಜೊತೆ ಬೆರೆಸಬೇಡಿ. ಆ್ಯಂಟ್ ಪ್ಲಸ್, ಬ್ಲೂಟೂತ್, ವೈಫೈ ಮೂರೂ 2.4 ಗಿಗಾಹರ್ಟ್ಸ್ ಓಣಿಯಲ್ಲೇ ಓಡಾಡುತ್ತವೆ. ಫ್ಲ್ಯಾಟಿಗೊಂದು ರೂಟರ್ ಇರುವಲ್ಲಿ ಸಂಕೇತ ಆಗಾಗ ಕಡಿಯುವುದು ಸಹಜ. ಅಂಕಿ ಮಾಯವಾದರೆ ಅದು ಸಂಕೇತದ ಸಮಸ್ಯೆ. ಡಾಂಗಲ್ಲನ್ನು ಉದ್ದ ಕೇಬಲ್‌ನಲ್ಲಿ ಸೈಕಲ್ ಹತ್ತಿರ ತನ್ನಿ, ಬ್ಯಾಟರಿ ಬದಲಿಸಿ. ಸೆನ್ಸರ್ ಲ್ಯಾಪ್‌ಟಾಪಿಗೆ ಕಾಣದಿದ್ದರೆ ಮೊಬೈಲ್ ಅದನ್ನು ಮೊದಲೇ ಹಿಡಿದುಕೊಂಡಿರಬಹುದು. ಅಂಕಿ ನಿಂತಿದ್ದೂ ಅನುಮಾನ ಬಂದರೆ, ಆಗ ಕ್ಯಾಲಿಬ್ರೇಷನ್ ನೋಡಿ.

ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಒತ್ತಲು ಸರ್ಕಾರದ ಇಲಾಖೆ ಇದೆ. ನಮ್ಮ ಹಾಲ್‌ನ ತಕ್ಕಡಿಗೆ ನಾವೇ ಇನ್‌ಸ್ಪೆಕ್ಟರು. ಪ್ರತಿ ಸಲ ಬಂದ ಸೊನ್ನೆಯ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ದಿನ ಅದು ದಿಢೀರನೆ ಜಿಗಿದರೆ ತುಳಿಯುವ ಮೊದಲು ಕಾರಣ ಹುಡುಕಿ. ಗೆಳೆಯರು ಈಗ 195 ಹಿಡಿದೇ ಅಭ್ಯಾಸ ನಡೆಸಿದ್ದಾರೆ. ಮುಂದಿನ ಬ್ರೆವೆಗೆ ಹೆಸರೂ ಕೊಟ್ಟಿದ್ದಾರೆ.